ಆ್ಯಪ್‌ನ ಗೆಸ್ಟ್‌ಗಳೇ ಬರುತ್ತಿದ್ದಾರೆ, ನೇರ ಬುಕಿಂಗ್ ಬರುತ್ತಿಲ್ಲ: ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಎರಡು ಹಾಲಿಡೇ ಹೋಮ್. ಬರುವವರೆಲ್ಲ ಆ್ಯಪ್‌ಗಳ ಮೂಲಕವೇ ಬರುತ್ತಾರೆ. ಸೀಸನ್‌ನಲ್ಲಿ ಮನೆ ತುಂಬಿರುತ್ತದೆ, ಆದರೆ ಕಮಿಷನ್ ಕಳೆದು ಕೈಗೆ ಬರುವುದನ್ನು ನೋಡಿದರೆ ಬೇಜಾರು. ವೆಬ್‌ಸೈಟ್ ಮಾಡಿಸಿ ತಿಂಗಳುಗಳಾದವು, ಅದರಿಂದ ಒಂದು ಬುಕಿಂಗೂ ಬಂದಿಲ್ಲ. ಹಳೆಯ ಗೆಸ್ಟ್‌ಗಳ ಫೋನ್ ನಂಬರ್ ಇವೆ. "ಮುಂದಿನ ಸಲ ನಮಗೇ ಫೋನ್ ಮಾಡಿ, ಕಮ್ಮಿ ಮಾಡಿಕೊಡ್ತೀವಿ" ಅಂತ ಎಲ್ಲರಿಗೂ ವಾಟ್ಸ್ಆ್ಯಪ್ ಮಾಡಿಬಿಡೋಣ ಅಂತಿದ್ದೇವೆ. ಮಾಡಬಹುದಾ?

ಉತ್ತರ: ಆ ಮೆಸೇಜ್ ಕಳಿಸಬೇಡಿ ಸರ್. ಏರ್‌ಬಿಎನ್‌ಬಿ ಆ್ಯಪ್‌ನ ನಿಯಮದಲ್ಲಿ ಈಗಿನ ಬುಕಿಂಗ್ ಮಾತ್ರ ಅಲ್ಲ, ಮುಂದಿನ ಬುಕಿಂಗ್‌ಗಳನ್ನೂ ಆ್ಯಪ್‌ನ ಹೊರಗೆ ಮಾಡಿಸಿ ಅಂತ ಗೆಸ್ಟ್‌ಗೆ ಹೇಳುವಂತಿಲ್ಲ. ಒಬ್ಬ ಗೆಸ್ಟ್ ದೂರು ಕೊಟ್ಟರೆ ಸಾಕು, ಲಿಸ್ಟಿಂಗ್‌ಗೇ, ಅಂದರೆ ಆ್ಯಪ್‌ನಲ್ಲಿರುವ ನಿಮ್ಮ ಮನೆಯ ಪುಟಕ್ಕೇ ಕುತ್ತು. ಇವತ್ತು ನಿಮ್ಮ ಮನೆ ತುಂಬಿಸುತ್ತಿರುವುದೇ ಆ ಲಿಸ್ಟಿಂಗ್, ಅಲ್ವಾ? ಬೇರೆ ಆ್ಯಪ್‌ಗಳಲ್ಲೂ ಇದ್ದರೆ ಅವುಗಳ ಷರತ್ತನ್ನೂ ಒಮ್ಮೆ ಓದಿ.

ಮೊದಲು ನಿಮ್ಮ ಲಿಸ್ಟಿಂಗ್‌ನ ತಲೆಬರಹ ನೋಡಿಕೊಳ್ಳಿ. ಹೆಚ್ಚಿನವರದು "ಸುಂದರ ನೋಟದ 3 ಬೆಡ್‌ರೂಮ್ ಮನೆ" ಅಂತಲೇ ಇರುತ್ತದೆ. ಇಂಥ ಮನೆ ಸಾವಿರ ಇವೆ. ಗೆಸ್ಟ್ ಊರಿಗೆ ವಾಪಸ್ ಹೋಗಿ ಸ್ನೇಹಿತರ ಹತ್ತಿರ ಏನು ಹೇಳಬೇಕು? "ಆ ಆ್ಯಪ್‌ನಲ್ಲಿ ಒಂದು ಮನೆ ಸಿಕ್ಕಿತ್ತು, ಚೆನ್ನಾಗಿತ್ತು." ಅಲ್ಲಿಗೆ ಮುಗಿಯಿತು. ನಿಮ್ಮ ಸೈಟ್‌ಗೆ ಯಾರೂ ಬರದಿರಲು ಇದೇ ದೊಡ್ಡ ಕಾರಣ. ಹುಡುಕಬೇಕು ಅಂದರೂ ಏನೆಂದು ಹುಡುಕುವುದು?

ಮನೆಗೆ ಒಂದು ಹೆಸರಿಡಿ. ಚಿಕ್ಕದು, ಒಂದು ಸಲ ಕೇಳಿದರೆ ಬರೆಯಲು ಬರುವಂಥದ್ದು. ಇಡುವ ಮೊದಲು ಗೂಗಲ್‌ನಲ್ಲಿ ಹಾಕಿ ನೋಡಿ, ಅದೇ ಹೆಸರಿನ ಹೋಟೆಲ್ ಇದ್ದರೆ ಬೇಡ. ಆಮೇಲೆ ಲಿಸ್ಟಿಂಗ್ ತಲೆಬರಹ, ವೆಬ್‌ಸೈಟ್, ಇನ್‌ಸ್ಟಾಗ್ರಾಂ, ಗೇಟಿನ ಬೋರ್ಡ್, ವೈಫೈ ಹೆಸರು, ಎಲ್ಲ ಕಡೆ ಅದೇ ಹೆಸರು, ಅದೇ ಕಾಗುಣಿತ. ಲಿಸ್ಟಿಂಗ್‌ನ ವಿವರಣೆಯಲ್ಲೋ ಫೋಟೋದಲ್ಲೋ ಫೋನ್ ನಂಬರ್, ವೆಬ್ ವಿಳಾಸ ತುರುಕಬೇಡಿ. ಹೆಸರಷ್ಟೇ ಸಾಕು.

ಇನ್ನೊಂದು ವಿಷಯ ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಆ್ಯಪ್‌ನಲ್ಲಿ ಬುಕ್ ಮಾಡುವವರು ಒಬ್ಬರು, ಬಂದು ಉಳಿಯುವವರು ಆರು ಜನ. ಉಳಿದ ಐವರಿಗೆ ನಿಮ್ಮ ಲಿಸ್ಟಿಂಗ್ ಯಾವುದು ಅಂತಲೂ ಗೊತ್ತಿರುವುದಿಲ್ಲ. ಅವರು ಮುಂದೆ ತಮ್ಮ ಮನೆಯವರ ಜೊತೆ ಬರಬೇಕು ಅಂದುಕೊಂಡಾಗ ನೆನಪಿಗೆ ಬರಬೇಕಾದ್ದು ಗೇಟಿನ ಮೇಲೆ ಕಂಡ ಹೆಸರು.

ಪ್ರಶ್ನೆ: ಹೆಸರು ಹಾಕಿದ ಮಾತ್ರಕ್ಕೆ ಜನ ಗೂಗಲ್ ಮಾಡುತ್ತಾರಾ ಮೇಡಂ? ಸುಮ್ನೆ ಆ್ಯಪ್‌ನಲ್ಲೇ ಒತ್ತಿಬಿಡುತ್ತಾರೆ ಅನ್ನಿಸುತ್ತದೆ.

ಉತ್ತರ: ಜಾಸ್ತಿ ಜನ ಹಾಗೇ ಮಾಡುತ್ತಾರೆ, ನಿಜ. ಆದರೆ ಎಲ್ಲರೂ ಅಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಕ್ರಿಸ್ ಆ್ಯಂಡರ್ಸನ್ 2009ರಲ್ಲಿ ಇದನ್ನು ಹೋಟೆಲ್‌ಗಳ ಮೇಲೆ ಪರೀಕ್ಷೆ ಮಾಡಿದ್ದರು. ಎಕ್ಸ್‌ಪೀಡಿಯಾ ಅನ್ನುವ ಬುಕಿಂಗ್ ಸೈಟ್‌ನ ಪಟ್ಟಿಯಲ್ಲಿ ಹೋಟೆಲ್ ಹೆಸರು ಕೆಲವು ಕಾಲ ತೋರಿಸಿದರು, ಕೆಲವು ಕಾಲ ತೆಗೆದರು. ಹೆಸರು ಕಾಣುತ್ತಿದ್ದಾಗ ಎಕ್ಸ್‌ಪೀಡಿಯಾದ ಹೊರಗಿನ ಬುಕಿಂಗೂ 7.5ರಿಂದ 26 ಶೇಕಡಾದವರೆಗೆ ಏರಿತು. ಜನ ಎಕ್ಸ್‌ಪೀಡಿಯಾದಲ್ಲಿ ಹೆಸರು ನೋಡಿಕೊಂಡು ಹೊರಗೆ ಬುಕ್ ಮಾಡಿದ್ದಾರೆ. ಅವು ಹೋಟೆಲ್‌ಗಳು, ಕಾಲವೂ ಹಳೆಯದು. ಹಾಗಾಗಿ ಅದೇ ಅಂಕಿ ನಿಮಗೂ ಬರುತ್ತದೆ ಅಂತ ಕೂರಬೇಡಿ. ಆದರೆ ಹೋಟೆಲ್‌ಗೆ ಹೆಸರಿತ್ತು ಅನ್ನುವುದನ್ನು ಗಮನಿಸಿ. "ಸುಂದರ ನೋಟದ ಮನೆ"ಗೆ ಈ ಲಾಭ ಸಿಗುವುದಿಲ್ಲ.

ಮತ್ತೊಬ್ಬ ಸದಸ್ಯರು: ಗೂಗಲ್ ಮ್ಯಾಪ್‌ನಲ್ಲಿ ಮನೆಯನ್ನು ಹಾಕಿಬಿಟ್ಟರೆ ಸುಲಭ ಅಲ್ವಾ?

ಉತ್ತರ: ಅಲ್ಲೊಂದು ತೊಡಕಿದೆ. ಮ್ಯಾಪ್‌ನಲ್ಲಿ ವ್ಯಾಪಾರ ಕಾಣಿಸಲು ಮಾಡಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನ ನಿಯಮದ ಪ್ರಕಾರ ಬಾಡಿಗೆಗೆ ಕೊಡುವ ಹಾಲಿಡೇ ಹೋಮ್‌ಗೆ ಪ್ರೊಫೈಲ್ ಇಲ್ಲ. ಅವನ್ನು ನಡೆಸುವ ಆಫೀಸ್ ಇದ್ದರೆ ಆ ಆಫೀಸ್‌ಗೆ ಮಾಡಿಸಬಹುದು. ಕೆಲವರದು ಕಾಣುತ್ತಿದೆ, ನಮ್ಮದು ಯಾಕಿಲ್ಲ ಅಂತ ಕೇಳಬೇಡಿ. ಹಾಗೆ ಹಾಕಿದ್ದು ಯಾವತ್ತು ಬೇಕಾದರೂ ಹೋಗಬಹುದು. ಗೂಗಲ್‌ನ ಹೋಟೆಲ್ ಹುಡುಕಾಟದಲ್ಲಿ ಹಾಲಿಡೇ ಹೋಮ್‌ಗಳೂ ಬರುತ್ತವೆ, ನಿಮ್ಮ ಸೈಟ್‌ನ ದರವನ್ನೂ ಅಲ್ಲಿ ತೋರಿಸಬಹುದು. ಅದಕ್ಕೆ ಗೂಗಲ್ ಜೊತೆ ಜೋಡಣೆ ಇರುವ ಬುಕಿಂಗ್ ಸಾಫ್ಟ್‌ವೇರ್ ಬೇಕು. ಸಾಫ್ಟ್‌ವೇರ್ ಕೊಳ್ಳುವಾಗ ಈ ಪ್ರಶ್ನೆಯನ್ನು ಮೊದಲೇ ಕೇಳಿ.

ಪ್ರಶ್ನೆ: ನಮ್ಮ ಸೈಟ್‌ನಲ್ಲಿ ರೇಟ್ ಎಷ್ಟು ಕಮ್ಮಿ ಇಡಬೇಕು? ಕಮಿಷನ್ ಪೂರ್ತಿ ಗೆಸ್ಟ್‌ಗೇ ಬಿಟ್ಟುಕೊಟ್ಟರೆ?

ಉತ್ತರ: ಪೂರ್ತಿ ಬಿಟ್ಟುಕೊಟ್ಟರೆ ನಿಮಗೆ ಉಳಿದಿದ್ದೇನು? ಗೆಸ್ಟ್ ಕೊಡುವ ಬಾಡಿಗೆ 100 ಅಂತಿಟ್ಟುಕೊಳ್ಳಿ. ಏರ್‌ಬಿಎನ್‌ಬಿಯಲ್ಲಿ ಬುಕಿಂಗ್ ಸಾಫ್ಟ್‌ವೇರ್ ಮೂಲಕ ಖಾತೆ ಜೋಡಿಸಿಕೊಂಡವರಿಂದ 2025ರ ಅಕ್ಟೋಬರ್ ಕೊನೆಯಿಂದ 15.5 ಶೇಕಡಾ ಹಿಡಿಯುತ್ತಾರೆ. ನಿಮ್ಮ ಕೈಗೆ 84.5. ಅದೇ ಮನೆ ನಿಮ್ಮ ಸೈಟ್‌ನಲ್ಲಿ 92ಕ್ಕೆ ಹೋಯಿತು ಅನ್ನಿ. ಆನ್‌ಲೈನ್ ದುಡ್ಡು ಪಡೆಯಲು ಬೇಕಾದ ಪೇಮೆಂಟ್ ಗೇಟ್‌ವೇಗೆ 3 ಶೇಕಡಾ ಅಂದರೂ ಕೈಗೆ 89ಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ. ಗೆಸ್ಟ್‌ಗೆ 8 ಉಳಿಯಿತು, ನಿಮಗೆ ಹತ್ತಿರ ಹತ್ತಿರ 5 ಜಾಸ್ತಿ ಬಂತು. ಇದರಲ್ಲೇ ಸೈಟ್, ಸಾಫ್ಟ್‌ವೇರ್ ಖರ್ಚು ಹೋಗಬೇಕು. ಇದಕ್ಕಿಂತ ಕೆಳಗೆ ಇಳಿದರೆ ಸುಮ್ನೆ ಕಷ್ಟಪಟ್ಟ ಹಾಗೆ.

ನಿಮ್ಮದು ಹಳೆಯ ಪದ್ಧತಿಯ ಖಾತೆಯಾಗಿದ್ದು 3 ಶೇಕಡಾ ಮಾತ್ರ ಕಟ್ ಆಗುತ್ತಿದ್ದರೆ ಲೆಕ್ಕ ಬೇರೆ. ಅಲ್ಲಿ ದೊಡ್ಡ ಪಾಲನ್ನು ಗೆಸ್ಟ್ ಬೇರೆಯಾಗಿ ಕಟ್ಟುತ್ತಾರೆ. ಅವರಿಗೆ ಕಾಣುವ ಒಟ್ಟು ಮೊತ್ತದ ಜೊತೆ ನಿಮ್ಮ ಸೈಟ್‌ನ ಒಟ್ಟು ಮೊತ್ತ ಹೋಲಿಸಿ, ಒಂದು ರಾತ್ರಿಯ ಬಾಡಿಗೆಯನ್ನಲ್ಲ.

ಕಮ್ಮಿ ದರ ಹಾಕುವ ಮೊದಲು ಆ್ಯಪ್‌ಗಳ ಜೊತೆಗಿನ ಒಪ್ಪಂದ ತೆಗೆದು ನೋಡಿ. ಬೇರೆ ಕಡೆ ಇದಕ್ಕಿಂತ ಕಮ್ಮಿಗೆ ಕೊಡಬಾರದು ಅನ್ನುವ ಷರತ್ತು ಇರಬಹುದು. ಯುರೋಪ್‌ನ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆಯಿಂದಾಗಿ ಬುಕಿಂಗ್ ಡಾಟ್ ಕಾಮ್ 2024ರಲ್ಲಿ ಅಲ್ಲಿಯ ಒಪ್ಪಂದಗಳಿಂದ ಅದನ್ನು ತೆಗೆದಿದೆ. ಬೇರೆ ದೇಶಗಳ ಒಪ್ಪಂದ ಹಾಗೇ ಇರಬೇಕೆಂದಿಲ್ಲ. ಷರತ್ತು ಅಡ್ಡ ಬಂದರೆ ದರ ಮುಟ್ಟಬೇಡಿ. ಬೇಗ ಚೆಕ್ ಇನ್, ತಡವಾಗಿ ಚೆಕ್ ಔಟ್, ದಿನಾಂಕ ಬದಲಿಸಲು ಅವಕಾಶ, ಇಂಥದ್ದು ಕೊಡಿ. ನನ್ನ ಮಾತು ಕೇಳಿದರೆ ರಿಯಾಯಿತಿಗಿಂತ ಇವೇ ಚೆನ್ನಾಗಿ ಕೆಲಸ ಮಾಡುತ್ತವೆ.

ಪ್ರಶ್ನೆ: ಸೈಟ್ ಲಿಂಕ್ ನಿಮಗೆ ಇನ್‌ಬಾಕ್ಸ್‌ನಲ್ಲಿ ಕಳಿಸಿದ್ದೇನೆ. ಏನು ತಪ್ಪಿದೆ ಹೇಳಿ ಮೇಡಂ, ಬೇಜಾರಿಲ್ಲ.

ಉತ್ತರ: ನೋಡಿದೆ. ಫೋಟೋ ಚೆನ್ನಾಗಿವೆ. ಮೊಬೈಲ್‌ನಲ್ಲಿ ತೆರೆದೆ, "ಬುಕ್ ಮಾಡಿ" ಒತ್ತಿದೆ. ಹೆಸರು, ಫೋನ್, ಇಮೇಲ್, ಎಷ್ಟು ಜನ, ಸಂದೇಶ ಅಂತ ಒಂದು ಫಾರ್ಮ್ ಬಂತು. ತುಂಬಿದ ಮೇಲೆ "ನಾವು ಶೀಘ್ರದಲ್ಲೇ ಸಂಪರ್ಕಿಸುತ್ತೇವೆ." ಅಷ್ಟೇ! ಆ ದಿನ ಮನೆ ಖಾಲಿ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಒಟ್ಟು ಎಷ್ಟಾಗುತ್ತದೆ ಗೊತ್ತಾಗಲಿಲ್ಲ. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುತ್ತದಾ ಅನ್ನುವುದೂ ಇಲ್ಲ. ನಿಮ್ಮ ಉತ್ತರ ಬರುವಷ್ಟರಲ್ಲಿ ಗೆಸ್ಟ್ ಆ್ಯಪ್‌ನಲ್ಲಿ ಬೇರೆ ಮನೆ ಬುಕ್ ಮಾಡಿ ಆಗಿರುತ್ತದೆ.

ದಿನಾಂಕ ಆರಿಸಿದ ತಕ್ಷಣ ಕ್ಲೀನಿಂಗ್, ತೆರಿಗೆ ಎಲ್ಲ ಸೇರಿದ ಮೊತ್ತ ಕಾಣಬೇಕು. ಕೆಳಗೇ ಕ್ಯಾನ್ಸಲೇಷನ್ ನಿಯಮ ಎರಡು ಸಾಲಿನಲ್ಲಿ. ಅಲ್ಲೇ ದುಡ್ಡು ಕಟ್ಟುವ ವ್ಯವಸ್ಥೆ. ನಿಮ್ಮ ಫೋಟೋ, ಹೆಸರು, ಎತ್ತಿಕೊಳ್ಳುವ ಫೋನ್ ನಂಬರ್ ಹಾಕಿ. ಗೊತ್ತಿಲ್ಲದ ಸೈಟ್‌ಗೆ ದುಡ್ಡು ಕಳಿಸಲು ಜನ ಹೆದರುತ್ತಾರೆ, ತಪ್ಪೇನಿಲ್ಲ, ಈ ಕ್ಷೇತ್ರದಲ್ಲಿ ನಕಲಿ ಸೈಟ್‌ಗಳ ಕಾಟ ಇದ್ದೇ ಇದೆ. ಸರಿ ಮಾಡಿಸಿದ ಮೇಲೆ ಮನೆಯಲ್ಲಿ ಹಿರಿಯರೊಬ್ಬರ ಕೈಗೆ ಫೋನ್ ಕೊಟ್ಟು ಬುಕ್ ಮಾಡಲು ಹೇಳಿ. ಪಕ್ಕದಲ್ಲಿ ಕೂತು ಬಾಯಿ ಬಿಡದೆ ನೋಡಿ. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ಕೆಲಸ ಬಾಕಿ ಇದೆ ಅಂತ.

ಮತ್ತೊಬ್ಬ ಸದಸ್ಯರು: ಒಂದೇ ದಿನಕ್ಕೆ ಆ್ಯಪ್‌ನಲ್ಲೂ ಸೈಟ್‌ನಲ್ಲೂ ಬುಕ್ ಆಗಿಬಿಟ್ಟರೆ?

ಉತ್ತರ: ಎರಡು ಕಡೆಯ ಕ್ಯಾಲೆಂಡರನ್ನು ಐಕ್ಯಾಲ್ ಅನ್ನುವ ಲಿಂಕ್‌ನಲ್ಲಿ ಜೋಡಿಸಿದರೆ ಆಗುವ ಸಾಧ್ಯತೆ ಇದೆ. ಅದು ಆಗಾಗ ಮಾತ್ರ ಅಪ್‌ಡೇಟ್ ಆಗುತ್ತದೆ, ಆ ಕ್ಷಣಕ್ಕಲ್ಲ. ದಿನಾಂಕ ಮಾತ್ರ ಸಾಗಿಸುತ್ತದೆ, ದರ ಸಾಗಿಸುವುದಿಲ್ಲ. ಒಂದೇ ಮನೆ, ನಿಧಾನ ಬುಕಿಂಗ್ ಆದರೆ ನಡೆಯುತ್ತದೆ. ರಜೆ ಸೀಸನ್‌ನಲ್ಲಿ ಚಾನೆಲ್ ಮ್ಯಾನೇಜರ್ (ಎಲ್ಲ ಕಡೆಯ ದಿನಾಂಕ, ದರವನ್ನು ಒಟ್ಟಿಗೆ ನೋಡಿಕೊಳ್ಳುವ ಸಾಫ್ಟ್‌ವೇರ್) ಇಲ್ಲದೆ ಕೈ ಹಾಕಬೇಡಿ.

ಪ್ರಶ್ನೆ: ಫೇಸ್‌ಬುಕ್ ಜಾಹೀರಾತು?

ಉತ್ತರ: ಈಗ ಬೇಡ. ಫಾರ್ಮ್ ಇರುವ ಸೈಟ್‌ಗೆ ಜನ ಕರೆಸಿದರೆ ದುಡ್ಡು ದಂಡ.

ಪ್ರಶ್ನೆ: ಹಾಗಾದರೆ ಹಳೆಯ ಗೆಸ್ಟ್‌ಗಳನ್ನು ಮಾತಾಡಿಸಲೇ ಬಾರದಾ?

ಉತ್ತರ: ಆ್ಯಪ್‌ನಿಂದ ಸಿಕ್ಕ ನಂಬರ್‌ಗೆ ಬೇಡ. ಅವರಾಗಿಯೇ ಹೆಸರು ಹುಡುಕಿ ಸೈಟ್‌ಗೆ ಬಂದರೆ, ಸ್ನೇಹಿತರನ್ನು ಕಳಿಸಿದರೆ, ಅವರು ನಿಮ್ಮ ಗೆಸ್ಟ್. ಬುಕ್ ಮಾಡುವಾಗಲೇ "ಮುಂದೆ ಮೆಸೇಜ್ ಕಳಿಸಬಹುದಾ?" ಅಂತ ಒಂದು ಟಿಕ್ ಇಡಿ. ಟಿಕ್ ಮಾಡಿದವರಿಗೆ ಮಾತ್ರ, ಸೀಸನ್ ಶುರುವಾಗುವ ಮೊದಲು ಒಂದು ಮೆಸೇಜ್. ಶುಭಾಶಯದ ಫೋಟೋ, ಗುಡ್ ಮಾರ್ನಿಂಗ್ ಬೇಡ. ಹೀಗಿರಲಿ:

"ನಮಸ್ಕಾರ. ಹೋದ ಸಲ ನೀವು ಮಹಡಿ ಮೇಲಿನ ರೂಮ್‌ನಲ್ಲಿ ಇದ್ದಿರಿ. ಈ ಸಲದ ರಜೆ ದಿನಾಂಕಗಳನ್ನು ನಾಡಿದ್ದು ಎಲ್ಲ ಕಡೆ ತೆರೆಯುತ್ತಿದ್ದೇವೆ. ಅದಕ್ಕಿಂತ ಮೊದಲು ನಮ್ಮ ಹಳೆಯ ಗೆಸ್ಟ್‌ಗಳಿಗೆ ತಿಳಿಸುತ್ತಿದ್ದೇವೆ. ಬರುವ ಯೋಚನೆ ಇದ್ದರೆ ದಿನಾಂಕ ಹೇಳಿ. ಮೆಸೇಜ್ ಬೇಡವಾಗಿದ್ದರೆ 'ಬೇಡ' ಅನ್ನಿ, ಸಾಕು."

ಇದರಲ್ಲಿ ರಿಯಾಯಿತಿಯ ಮಾತೇ ಇಲ್ಲ ನೋಡಿ. ಮೊದಲ ಆಯ್ಕೆ ಸಿಗುವುದೇ ಅವರಿಗೆ ದೊಡ್ಡದು.

ಪ್ರಶ್ನೆ: ಕೊನೆಯದು ಮೇಡಂ. ನೇರ ಬುಕಿಂಗ್ ಬರಲು ಶುರುವಾದ ಮೇಲೆ ಆ್ಯಪ್ ಬಿಟ್ಟುಬಿಡಬಹುದಾ?

ಉತ್ತರ: ಬಿಡಬೇಡಿ. ಹೊಸಬರು ನಿಮ್ಮ ಹೆಸರು ಮೊದಲ ಸಲ ನೋಡುವುದು ಅಲ್ಲೇ. ಒಳ್ಳೆಯ ದಿನಾಂಕ ಮೊದಲು ನಿಮ್ಮವರಿಗೆ, ಉಳಿದದ್ದು ಆ್ಯಪ್‌ಗೆ ಅಂತ ಮಾಡಿಕೊಳ್ಳಿ.

ನೇರ ಬುಕಿಂಗ್ ತಗೊಳ್ಳುವ ಮೊದಲು ಇನ್ಶೂರೆನ್ಸ್ ಕೂಡ ವಿಚಾರಿಸಿ. ಏರ್‌ಬಿಎನ್‌ಬಿ ಮೂಲಕ ಬಂದವರು ಮನೆಗೆ ಹಾನಿ ಮಾಡಿದರೆ 30 ಲಕ್ಷ ಡಾಲರ್‌ವರೆಗಿನ ರಕ್ಷಣೆ ಇದೆ. ನೇರವಾಗಿ ಬಂದವರಿಗೆ ಅದು ಅನ್ವಯಿಸುವುದಿಲ್ಲ. ಸಾಮಾನ್ಯ ಮನೆ ಪಾಲಿಸಿಯಲ್ಲಿ ಬಾಡಿಗೆ ಗೆಸ್ಟ್‌ಗಳು ಸೇರದೇ ಇರಬಹುದು. ಏಜೆಂಟ್ ಬಾಯಿಮಾತಲ್ಲಿ "ಆಗುತ್ತೆ ಬಿಡಿ" ಅಂದರೆ ನಂಬಬೇಡಿ, ಬರಹದಲ್ಲಿ ಕೇಳಿ. ಮುಂಗಡ ಎಷ್ಟು, ಹಾನಿಯಾದರೆ ಯಾರು ಕೊಡಬೇಕು, ಎಷ್ಟು ಜನ ಉಳಿಯಬಹುದು, ಇದನ್ನೆಲ್ಲ ಒಂದು ಪುಟದಲ್ಲಿ ಬರೆದು ಬುಕಿಂಗ್ ಸಮಯದಲ್ಲೇ ಒಪ್ಪಿಗೆ ತಗೊಳ್ಳಿ. ಆ ಪುಟದ ಕರಡು ರೆಡಿಯಾದರೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.