ಪದಚರ್ಚೆ: ಕರಾರಿನ ‘ಅಕ್ಸೆಪ್ಟೆನ್ಸ್’ ಸ್ವೀಕೃತಿಯೋ, ಅಂಗೀಕಾರವೋ?

ಎಲ್ಲರಿಗೂ ಶರಣು. ತೊಗರಿ ಬೆಳೆಗಾರರ ಗುಂಪೊಂದು ಬೇಳೆ ಮಿಲ್ಲಿನೊಂದಿಗೆ ಮಾಡಿಕೊಳ್ಳುವ ಖರೀದಿ ಕರಾರನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಮುದ್ರಣಕ್ಕೆ ಕೊಡಬೇಕು. ಮೂಲದಲ್ಲಿ ‘ಅಕ್ಸೆಪ್ಟೆನ್ಸ್’ ಎರಡು ಕಡೆ ಇದೆ: ಮಿಲ್ಲಿನವರು ಹೇಳಿದ ದರಕ್ಕೆ ರೈತರು ಒಪ್ಪುವಲ್ಲಿ ಒಮ್ಮೆ, ತೂಕ ಮಾಡಿ ತೇವಾಂಶ ನೋಡಿ ಮಿಲ್ಲಿನವರು ಮಾಲು ತೆಗೆದುಕೊಳ್ಳುವಲ್ಲಿ ಇನ್ನೊಮ್ಮೆ. ನನ್ನ ಕೈಗೆ ಬಂದ ಕರಡಿನಲ್ಲಿ ಎರಡಕ್ಕೂ ‘ಸ್ವೀಕೃತಿ’. ‘ಏಳು ದಿನಗಳಲ್ಲಿ ಉತ್ತರ ಬಾರದಿದ್ದರೆ ಸ್ವೀಕೃತಿ ಎಂದು ಭಾವಿಸಲಾಗುವುದು’ ಎಂಬ ಸಾಲೂ ಇದೆ. ನಿನ್ನೆ ಹಿರಿಯರೊಬ್ಬರಿಗೆ ಓದಿ ಹೇಳಿದೆ. ‘ಕಾಗದ ಮುಟ್ಟಿದೆ ಎಂದು ಸಹಿ, ಅಷ್ಟೇ ಅಲ್ಲವೇನಮ್ಮಾ?’ ಎನ್ನುತ್ತಾ ಪೆನ್ನಿಗೆ ಕೈಚಾಚಿದರು. ಅಂದಿನಿಂದ ಮನಸ್ಸು ತಡೆಯುತ್ತಿಲ್ಲ. ಯಾವ ಪದ ಸರಿ?
– ಅನುವಾದಕಿ, ಕಲಬುರಗಿ

‘ಒಪ್ಪಿಗೆ’. ಇದರಲ್ಲಿ ಚರ್ಚೆಗೇನಿದೆ? ಹಳಗನ್ನಡದಲ್ಲಿ ಒಪ್ಪು ಎಂದರೆ ತಕ್ಕುದಾಗು, ಚೆಲುವಾಗಿ ಹೊಂದು. ಎರಡು ಮನಸ್ಸು ಹೊಂದುವುದೇ ಕರಾರು. ಅಂಗೀಕಾರ, ಸ್ವೀಕಾರ, ಸಮ್ಮತಿ ಎಲ್ಲವೂ ಸಂಸ್ಕೃತದ ಸಾಲ. ನಮ್ಮ ಕಡೆಯ ‘ಕಬೂಲು’ ಅದಕ್ಕಿಂತ ಕೆಟ್ಟದ್ದು, ನಿಜಾಮರ ಕಾಲದ ಪಾರಸಿ ಕಸ.
– ಬೀದರ್

ತಂಗಿ, ‘ಸ್ವೀಕೃತಿ’ಯನ್ನು ಇಂದೇ ಹೊಡೆದುಹಾಕಿ. ಕಚೇರಿಗೆ ಅರ್ಜಿ ಕೊಟ್ಟವರ ಕೈಗೆ ಬರುವ ಚೀಟಿಗೆ ನಮ್ಮಲ್ಲಿ ಆ ಹೆಸರಿದೆ. ಆ ಹಿರಿಯರು ಅರ್ಥ ಮಾಡಿಕೊಂಡದ್ದು ಸರಿಯಾಗಿಯೇ ಇದೆ, ತಪ್ಪು ಕರಡಿನದು. ಕಾಗದ ಮುಟ್ಟಿತೆಂದು ಸಹಿ ಮಾಡಿದವರು ಬೆಳೆ ಬಿಟ್ಟುಕೊಡಬೇಕಾಗಿ ಬಂದರೆ ಅದಕ್ಕೆ ಪದ ಆರಿಸಿದವರೇ ಹೊಣೆ.

ಬೀದರಿನ ಹಿರಿಯರಿಗೆ: ಎರಡು ಮನಸ್ಸು ಹೊಂದಿದರೆ ಸಾಲದು. 1872ರ ಕರಾರು ಕಾಯ್ದೆಯ 13ನೆಯ ಕಲಂ ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪುವುದನ್ನು ಹೇಳುತ್ತದೆ. ಅದು ಸಮ್ಮತಿ. ನಾವು ಹುಡುಕುತ್ತಿರುವುದು ಅದೇ ಕಾಯ್ದೆಯ 2(ಬಿ) ಕಲಮಿನ ಪದವನ್ನು: ಪ್ರಸ್ತಾವ ಯಾರ ಮುಂದಿದೆಯೋ ಅವರು ತಮ್ಮ ಒಪ್ಪಿಗೆಯನ್ನು ಸೂಚಿಸಿದಾಗ ಅದು ಅಂಗೀಕಾರವಾಗುತ್ತದೆ. ಸೂಚಿಸಬೇಕು, ಮನಸ್ಸಿನಲ್ಲಿಟ್ಟುಕೊಂಡರೆ ಆಗದು. 7ನೆಯ ಕಲಮಿನಂತೆ ಅದು ಪೂರ್ತಿಯಾಗಿ, ಷರತ್ತಿಲ್ಲದೆ ಇರಬೇಕು. ‘ಆಯಿತು, ಕ್ವಿಂಟಲಿಗೆ ನೂರು ರೂಪಾಯಿ ಹೆಚ್ಚು ಕೊಡಿ’ ಎಂದರೆ ಅದು ಹೊಸ ಪ್ರಸ್ತಾವ.

ಆ ಏಳು ದಿನಗಳ ಸಾಲು ನನ್ನನ್ನು ಕೆರಳಿಸಿದೆ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಕರಾರಿನಲ್ಲಿ ನಡೆಯುವುದಿಲ್ಲ. 1862ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಪಾದ ಮೊಕದ್ದಮೆಯೊಂದಿದೆ. ಫೆಲ್ಟ್‌ಹೌಸ್ ಎಂಬವನು ಸೋದರನ ಮಗನ ಕುದುರೆಗೆ ಬೆಲೆ ಹೇಳಿ, ಮತ್ತೆ ಸುದ್ದಿ ಬಾರದಿದ್ದರೆ ಕುದುರೆ ನನ್ನದೆಂದು ತಿಳಿಯುತ್ತೇನೆ ಎಂದು ಅವನಿಗೆ ಬರೆದಿದ್ದ. ನ್ಯಾಯಾಲಯ ಒಪ್ಪಲಿಲ್ಲ. ಉತ್ತರ ಬರೆಯುವ ಹೊರೆಯನ್ನು ಇನ್ನೊಬ್ಬರ ತಲೆಗೆ ಕಟ್ಟಲು ಬಾರದು. ಇಲ್ಲಿ ‘ಸಮ್ಮತಿ’ ಎಂದು ಬರೆದರೆ ಆ ಹಳೆಯ ಮಾತೇ ಓದುವವರ ತಲೆಗೆ ಬರುತ್ತದೆ. ಅದಕ್ಕೇ ಬೇಡ ಎನ್ನುತ್ತೇನೆ.

ಇನ್ನು ಕಸದ ಮಾತು. ಕಬೂಲು ಪಾರಸಿಯಲ್ಲ, ಮೂಲ ಅರಬ್ಬಿ. ತಾವು ಬಳಸಿದ ‘ಕರಾರು’ ಕೂಡ ಅರಬ್ಬಿಯೇ. ನಿಕಾಹದಲ್ಲಿ ಇಜಾಬ್ ಎಂದರೆ ಪ್ರಸ್ತಾವ, ಕಬೂಲ್ ಎಂದರೆ ಅಂಗೀಕಾರ. ಅದನ್ನು ಸಾಕ್ಷಿಗಳ ಕಿವಿಗೆ ಬೀಳುವಂತೆ ಬಾಯಿಬಿಟ್ಟು ಹೇಳುತ್ತಾರೆ. 2(ಬಿ)ಯ ತಿರುಳನ್ನು ಇಷ್ಟು ಚೆನ್ನಾಗಿ ಹಿಡಿದ ಪದ ನಮ್ಮ ಓಣಿಯಲ್ಲೇ ಇರುವಾಗ ಅದನ್ನು ಹೀಗಳೆಯುವುದು ನನಗೆ ನೋವು ತರುತ್ತದೆ. ಆದರೂ ಈ ಕಾಗದಕ್ಕೆ ಅದು ಬೇಡ. ತಪ್ಪು ಕಬೂಲು ಮಾಡಿದ ಎಂಬ ಬಳಕೆಯೂ ಇರುವುದರಿಂದ ರೈತರಿಗೆ ತಾವು ಆರೋಪಿಗಳೆನಿಸೀತು.

ಕಲಮುಗಳಲ್ಲಿ ‘ಅಂಗೀಕಾರ’ ಇರಲಿ. ಸಹಿಯ ಗೆರೆಯ ಮೇಲೆ ‘ಒಪ್ಪಿದ್ದೇನೆ’ ಎಂಬ ಕ್ರಿಯಾಪದವೇ ಬರಲಿ. ಮಾಲಿಗೆ ‘ಸ್ವೀಕಾರ’ ಸಾಕು.
– ವಕೀಲ, ಶಹಾಪುರ

ಅಣ್ಣಾವರೇ, ಹೀಗೆ ತಿದ್ದಿದ್ದೇನೆ: ‘ಮೇಲಿನ ದರಕ್ಕೆ, ಷರತ್ತುಗಳಿಗೆ ನಾನು ಒಪ್ಪಿದ್ದೇನೆ. ಈ ಸಹಿಯಿಂದ ಕರಾರಿಗೆ ಬದ್ಧನಾಗಿದ್ದೇನೆ.’ ಏಳು ದಿನಗಳ ಸಾಲನ್ನು ಅಳಿಸುವ ಹಕ್ಕು ಅನುವಾದಕಿಗಿಲ್ಲ. ಇದ್ದಂತೆಯೇ ಅನುವಾದಿಸಿ, ಗುಂಪಿನವರಿಗೆ ನಿಮ್ಮ ಉತ್ತರವನ್ನು ಓದಿ ಹೇಳಿದ್ದೇನೆ. ಅವರು ನಾಳೆ ಮಿಲ್ಲಿಗೆ ಹೋಗುತ್ತಾರೆ. ಹಿರಿಯರಿಗೆ ಹೊಸ ಸಾಲು ಓದಿದಾಗ ಪೆನ್ನು ಕೆಳಗಿಟ್ಟು, ದರ ಎಷ್ಟೆಂದು ಕೇಳಿದರು.
– ಅನುವಾದಕಿ, ಕಲಬುರಗಿ

‘ಷರತ್ತು’ ಕೂಡ ಅರಬ್ಬಿ. ‘ಕಟ್ಟಳೆ’ ಎಂದು ಬರೆಯಿರಿ.
– ಬೀದರ್