ಪೆನ್‌ಡ್ರೈವ್ ತೆಗೆದರೆ ಅಡ್ಡಗೆರೆಯ ವೃತ್ತ: 2012ರ ಮ್ಯಾಕ್‌ಬುಕ್ ಪ್ರೊದಲ್ಲಿ ಸೊನೋಮಾ ಬೂಟ್ ಆಗುತ್ತಿಲ್ಲ

ಕಪ್ಪುಪರದೆ:

ಯಂತ್ರ 2012ರ ಮಧ್ಯಭಾಗದ 13 ಇಂಚಿನ ಮ್ಯಾಕ್‌ಬುಕ್ ಪ್ರೊ, ಮಾಡೆಲ್ ಗುರುತು 9,2. ಕೋರ್ ಐ5, ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್, 16 ಜಿಬಿ ರ‍್ಯಾಮ್, ಹಾರ್ಡ್‌ಡಿಸ್ಕ್ ಜಾಗದಲ್ಲಿ ಸಾಟಾ ಎಸ್‌ಎಸ್‌ಡಿ. ಇದಕ್ಕೆ ಆಪಲ್ ಕೊಟ್ಟ ಕೊನೆಯ ಮ್ಯಾಕ್‌ಓಎಸ್ ಆವೃತ್ತಿ ಕ್ಯಾಟಲಿನಾ. ಆಪಲ್ ಕೈಬಿಟ್ಟ ಮ್ಯಾಕ್‌ಗಳಲ್ಲಿ ಹೊಸ ಮ್ಯಾಕ್‌ಓಎಸ್ ಓಡಿಸುವ ಓಪನ್‌ಕೋರ್ ಲೆಗಸಿ ಪ್ಯಾಚರ್ ಎಂಬ ಆ್ಯಪ್ ಬಳಸಿ ಸೊನೋಮಾ (ಮ್ಯಾಕ್‌ಓಎಸ್ 14) ಹಾಕಿದ್ದೇನೆ. ಪೆನ್‌ಡ್ರೈವ್ ಸಿದ್ಧ ಮಾಡಿದ್ದು ಬೇರೊಂದು ಇಂಟೆಲ್ ಮ್ಯಾಕ್‌ನಲ್ಲಿ.

ಇನ್‌ಸ್ಟಾಲ್ ಪೂರ್ತಿ ಆಗಿದೆ. ಪೆನ್‌ಡ್ರೈವ್ ಚುಚ್ಚಿಕೊಂಡೇ ಇದ್ದರೆ ಡೆಸ್ಕ್‌ಟಾಪ್‌ವರೆಗೂ ಬರುತ್ತದೆ. ವೈಫೈ ಇಲ್ಲ, ಕಿಟಕಿಗಳನ್ನು ಎಳೆದರೆ ಪರದೆ ತಡವರಿಸುತ್ತದೆ, ಆದರೂ ಬರುತ್ತದೆ. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದರೆ ಬೂದು ಪರದೆಯ ಮೇಲೆ ಅಡ್ಡಗೆರೆ ಎಳೆದ ವೃತ್ತ. ಡಿಸ್ಕ್ ಅಳಿಸಿ ಎರಡು ಸಲ ಮತ್ತೆ ಇನ್‌ಸ್ಟಾಲ್ ಮಾಡಿಯೂ ನೋಡಿದೆ, ಅದೇ ಕಥೆ. ಎಸ್‌ಎಸ್‌ಡಿ ಹೋಗಿದೆಯೇ?

ತಿರುಪುಮೊಳೆ:

ಎಸ್‌ಎಸ್‌ಡಿಗೂ ಇದಕ್ಕೂ ಸಂಬಂಧವಿಲ್ಲ, ಮೂರನೇ ಸಲ ಇನ್‌ಸ್ಟಾಲ್ ಮಾಡಲು ಹೋಗಬೇಡಿ.

ಆ ವೃತ್ತದ ಅರ್ಥ ಇಷ್ಟೇ: ಡಿಸ್ಕ್ ಸಿಕ್ಕಿದೆ, ಅದರಲ್ಲಿ ಮ್ಯಾಕ್‌ಓಎಸ್ ಇದೆ, ಆದರೆ ಈ ಬೋರ್ಡ್‌ನಲ್ಲಿ ಓಡಲು ಆ ಆವೃತ್ತಿ ಒಪ್ಪುತ್ತಿಲ್ಲ. ಆಪಲ್‌ನ ಬೂಟ್‌ಲೋಡರ್ ಮೊದಲು ಬೋರ್ಡ್‌ನ ಗುರುತು ನೋಡುತ್ತದೆ, ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲೇ ನಿಲ್ಲಿಸುತ್ತದೆ. ಓಪನ್‌ಕೋರ್ ಅದಕ್ಕಿಂತ ಮುಂಚೆ ಎದ್ದು ಆ ತಪಾಸಣೆಯನ್ನು ದಾಟಿಸುತ್ತದೆ. ಸದ್ಯ ನಿಮ್ಮ ಓಪನ್‌ಕೋರ್ ಇರುವುದು ಪೆನ್‌ಡ್ರೈವ್‌ನ ಇಎಫ್‌ಐ ಪಾರ್ಟಿಷನ್‌ನಲ್ಲಿ (ಬೂಟ್ ಫೈಲ್‌ಗಳಿಗೆಂದು ಇರುವ ಸಣ್ಣ ಭಾಗ) ಮಾತ್ರ. ಅದನ್ನು ಕಿತ್ತರೆ ದಾಟಿಸುವವರು ಯಾರೂ ಇಲ್ಲ. ಸೊನೋಮಾ ಇನ್‌ಸ್ಟಾಲರ್ ತಾನಾಗಿ ಓಪನ್‌ಕೋರ್ ಅನ್ನು ಒಳಡಿಸ್ಕ್‌ಗೆ ಹಾಕುವುದಿಲ್ಲ. ಹಾಗಾಗಿ ಎಷ್ಟು ಸಲ ಇನ್‌ಸ್ಟಾಲ್ ಮಾಡಿದರೂ ಅಷ್ಟೇ.

ಮಾಡಬೇಕಾದ್ದು:

ಪೆನ್‌ಡ್ರೈವ್ ಚುಚ್ಚಿ, ಪವರ್ ಒತ್ತಿದ ಕೂಡಲೇ ಆಪ್ಶನ್ ಕೀ ಹಿಡಿದುಕೊಳ್ಳಿ. ಓಪನ್‌ಕೋರ್ ಚಿಹ್ನೆಯ ‘ಇಎಫ್‌ಐ ಬೂಟ್’ ಆರಿಸಿ ಸೊನೋಮಾಕ್ಕೆ ಬನ್ನಿ. ಪ್ಯಾಚರ್ ಆ್ಯಪ್ ಅನ್ನು ಈ ಯಂತ್ರದಲ್ಲೇ ತೆರೆದು ‘ಬಿಲ್ಡ್ ಆ್ಯಂಡ್ ಇನ್‌ಸ್ಟಾಲ್ ಓಪನ್‌ಕೋರ್’ ಒತ್ತಿ. ಬಿಲ್ಡ್ ಮುಗಿದ ಮೇಲೆ ‘ಇನ್‌ಸ್ಟಾಲ್ ಟು ಡಿಸ್ಕ್’. ಅಲ್ಲಿ ಬರುವ ಡಿಸ್ಕ್ ಪಟ್ಟಿಯಲ್ಲಿ ಪೆನ್‌ಡ್ರೈವ್ ಅಲ್ಲ, ಒಳಗಿನ ಎಸ್‌ಎಸ್‌ಡಿ ಆರಿಸಿ, ಅದರ ಕೆಳಗೆ ಕಾಣುವ ಸುಮಾರು 200 ಎಂಬಿಯ ಇಎಫ್‌ಐ ಪಾರ್ಟಿಷನ್ ಆರಿಸಿ. ಗಾತ್ರ ನೋಡಿಯೇ ಒತ್ತಿ, ಈ ಹಂತದಲ್ಲಿ ಅವಸರಕ್ಕೆ ಮತ್ತೆ ಪೆನ್‌ಡ್ರೈವ್‌ಗೇ ಬರೆಯುವವರು ಬಹಳ.

ನಂತರ ಶಟ್‌ಡೌನ್ ಮಾಡಿ, ಪೆನ್‌ಡ್ರೈವ್ ತೆಗೆದು, ಮತ್ತೆ ಆಪ್ಶನ್ ಹಿಡಿದು ಆನ್ ಮಾಡಿ. ಒಳಡಿಸ್ಕ್‌ನ ‘ಇಎಫ್‌ಐ ಬೂಟ್’ ಮೇಲೆ ನಿಂತು ಕಂಟ್ರೋಲ್ ಕೀ ಒತ್ತಿದರೆ ಕೆಳಗಿನ ನೇರ ಬಾಣ ಸುತ್ತುಬಾಣ ಆಗುತ್ತದೆ. ಹಾಗೆ ಹಿಡಿದೇ ಎಂಟರ್ ಒತ್ತಿ, ಇನ್ನು ಮುಂದೆ ಅದೇ ಡೀಫಾಲ್ಟ್. ಯಾವತ್ತಾದರೂ ಕಮಾಂಡ್, ಆಪ್ಶನ್, ಪಿ, ಆರ್ ಒತ್ತಿ ಎನ್‌ವಿರ‍್ಯಾಮ್ (ಬೂಟ್ ಆಯ್ಕೆಗಳು ಉಳಿಯುವ ಪುಟ್ಟ ಮೆಮೊರಿ) ರೀಸೆಟ್ ಮಾಡಿದರೆ ಈ ಆಯ್ಕೆ ಅಳಿಸಿಹೋಗಿ ಮತ್ತೆ ವೃತ್ತ ಕಾಣಿಸಬಹುದು. ಆಗ ಈ ಕೊನೆಯ ಹಂತ ಒಂದನ್ನೇ ಮತ್ತೆ ಮಾಡಿದರೆ ಸಾಕು.

ಅಂದಹಾಗೆ, ಓಪನ್‌ಕೋರ್ ಹೊರಗಿನ ಡ್ರೈವ್‌ನಿಂದ ಬೂಟ್ ಆಗಿದೆ, ಒಳಡಿಸ್ಕ್‌ಗೆ ಹಾಕಲೇ ಎಂದು ಪ್ಯಾಚರ್ ತಾನೇ ಒಂದು ಸೂಚನೆ ತೋರಿಸುತ್ತದೆ. ಓದದೆ ಮುಚ್ಚಿರುತ್ತೀರಿ.

ಹಳೇಯಂತ್ರ:

ಮೇಲಿನದು ಸರಿ. ಇದೇ ತೊಂದರೆ ಎಂದು ಇಲ್ಲಿಗೆ ಬರುವ ಉಳಿದವರಿಗಾಗಿ: ಮೊದಲು ಪರದೆಯ ಮೇಲೆ ಏನು ಕಾಣುತ್ತಿದೆ ಎಂದು ನೋಡಿ, ಆಮೇಲೆ ಕೈ ಹಾಕಿ. ಪ್ರಶ್ನೆ ಚಿಹ್ನೆಯ ಫೋಲ್ಡರ್ ಬಂದರೆ ಬೂಟ್ ಮಾಡುವಂಥದ್ದು ಏನೂ ಸಿಕ್ಕಿಲ್ಲ, ಡಿಸ್ಕ್ ಅಥವಾ ಕೇಬಲ್ ನೋಡಿ. ಅಡ್ಡಗೆರೆಯ ವೃತ್ತವಾದರೆ ಓಪನ್‌ಕೋರ್ ದಾರಿಯಲ್ಲಿ ಇಲ್ಲ. ಆಪಲ್ ಚಿಹ್ನೆ ಬಂದು ಅದರ ಕೆಳಗಿನ ಪ್ರಗತಿಪಟ್ಟಿ ಅರ್ಧಕ್ಕೆ ನಿಂತರೆ ಕರ್ನಲ್ (ಓಎಸ್‌ನ ತಿರುಳು) ಶುರುವಾಗಿದೆ, ತೊಂದರೆ ಡ್ರೈವರ್ ಅಥವಾ ಪ್ಯಾಚ್‌ನದು. ಮೂರಕ್ಕೂ ಮದ್ದು ಬೇರೆ ಬೇರೆ.

ಬೇರೆ ಮ್ಯಾಕ್‌ನಲ್ಲಿ ಪೆನ್‌ಡ್ರೈವ್ ಮಾಡುವಾಗ ಆಗುವ ದೊಡ್ಡ ತಪ್ಪು ಎಂದರೆ ಪ್ಯಾಚರ್‌ನ ಸೆಟ್ಟಿಂಗ್ಸ್‌ನಲ್ಲಿ ಟಾರ್ಗೆಟ್ ಮಾಡೆಲ್ ಅನ್ನು ‘ಹೋಸ್ಟ್ ಮಾಡೆಲ್’ ಎಂದೇ ಬಿಟ್ಟಿರುವುದು. ಆಗ ಯಾವ ಮ್ಯಾಕ್‌ನಲ್ಲಿ ಕೂತಿದ್ದೀರೋ ಅದಕ್ಕೆ ಓಪನ್‌ಕೋರ್ ತಯಾರಾಗುತ್ತದೆ, ಹಳೆಯದಕ್ಕಲ್ಲ. ಅದನ್ನು ‘ಮ್ಯಾಕ್‌ಬುಕ್ ಪ್ರೊ 9,2’ಗೆ ಬದಲಿಸಿಯೇ ಬಿಲ್ಡ್ ಮಾಡಬೇಕು. ಕಪ್ಪುಪರದೆ ಅವರ ಪೆನ್‌ಡ್ರೈವ್ ಡೆಸ್ಕ್‌ಟಾಪ್‌ವರೆಗೆ ಕರೆದುಕೊಂಡು ಹೋಗುತ್ತಿರುವುದರಿಂದ ಅವರದು ಸರಿಯಾಗಿಯೇ ಇದ್ದಂತಿದೆ.

ಇನ್ನೊಂದು ಅಡ್ಡದಾರಿ ಇದೆ, ಹಿಡಿಯಬೇಡಿ: ಎಸ್‌ಎಸ್‌ಡಿ ಬಿಚ್ಚಿ ಹೊಸ ಮ್ಯಾಕ್‌ಗೆ ಹಾಕಿ, ಅಲ್ಲಿ ಇನ್‌ಸ್ಟಾಲ್ ಮುಗಿಸಿ, ಹಳೆಯದಕ್ಕೆ ವಾಪಸ್ ಕೂರಿಸುವುದು. ಮ್ಯಾಕ್‌ಓಎಸ್ 13ರಿಂದ ಇಂಟೆಲ್‌ಗೆ ಬರುವ ಸಿಸ್ಟಂ ಲೈಬ್ರರಿಗಳು ಎವಿಎಕ್ಸ್2 ಎಂಬ ಪ್ರೊಸೆಸರ್ ಸೂಚನೆಗಳನ್ನು ಬಯಸುತ್ತವೆ. ಅವು ಬಂದಿದ್ದು 2013ರ ಹ್ಯಾಸ್‌ವೆಲ್ ಪ್ರೊಸೆಸರ್‌ಗಳಿಂದ. ಈ ಯಂತ್ರದಲ್ಲಿರುವ 2012ರ ಐವಿ ಬ್ರಿಡ್ಜ್ ಪ್ರೊಸೆಸರ್‌ನಲ್ಲಿ ಇಲ್ಲ. ಹಳೆಯ ಯಂತ್ರದಲ್ಲೇ ಇನ್‌ಸ್ಟಾಲ್ ಮಾಡಿದರೆ ಪ್ಯಾಚರ್‌ನ ಒಂದು ಕೆಕ್ಸ್ಟ್ (ಕರ್ನಲ್‌ಗೆ ಸೇರುವ ಡ್ರೈವರ್‌ನಂಥ ತುಣುಕು), ಆಪಲ್ ಸಿಲಿಕಾನ್ ಮ್ಯಾಕ್‌ಗಳಲ್ಲಿ ಇಂಟೆಲ್ ಆ್ಯಪ್‌ಗಳನ್ನು ಓಡಿಸುವ ರೊಸೆಟ್ಟಾಗೆಂದು ಇರುವ, ಎವಿಎಕ್ಸ್2 ಬೇಡದ ಲೈಬ್ರರಿಗಳನ್ನು ಹಾಕಿಸುತ್ತದೆ. ಹೊಸ ಯಂತ್ರದಲ್ಲಿ ಮಾಡಿದರೆ ಅದು ಆಗುವುದಿಲ್ಲ, ವಾಪಸ್ ತಂದ ಮೇಲೆ ಬೂಟ್ ನಡುವೆಯೇ ಕುಸಿಯುತ್ತದೆ.

ಕಪ್ಪುಪರದೆ:

ಧನ್ಯವಾದ. ಪೆನ್‌ಡ್ರೈವ್ ಇಲ್ಲದೆ ಈಗ ಬೂಟ್ ಆಗುತ್ತಿತ್ತು. ಆಮೇಲೆ ಎತರ್ನೆಟ್ ವೈರ್ ಹಾಕಿ ಪ್ಯಾಚರ್‌ನ ಹೊಸ ಆವೃತ್ತಿ ಇಳಿಸಿಕೊಂಡು ಆಪಲ್ ತೆಗೆದುಹಾಕಿದ ಡ್ರೈವರ್‌ಗಳನ್ನು ವಾಪಸ್ ಸೇರಿಸುವ ‘ಪೋಸ್ಟ್-ಇನ್‌ಸ್ಟಾಲ್ ರೂಟ್ ಪ್ಯಾಚ್’ ಓಡಿಸಿದೆ. ಪಟ್ಟಿಯಲ್ಲಿ ಐವಿ ಬ್ರಿಡ್ಜ್ ಗ್ರಾಫಿಕ್ಸ್, ಮಾಡರ್ನ್ ವೈರ್‌ಲೆಸ್ ಎರಡೂ ಇದ್ದವು. ರೀಸ್ಟಾರ್ಟ್ ಆದ ಮೇಲೆ ಆಪಲ್ ಚಿಹ್ನೆಯ ಕೆಳಗಿನ ಪಟ್ಟಿ ಅರ್ಧ ದಾಟಿ ನಿಂತಿದೆ, ಇಪ್ಪತ್ತು ನಿಮಿಷವಾದರೂ ಅಲ್ಲೇ. ಒಂದು ವಿಷಯ ಹೇಳಬೇಕು: ‘ಇನ್‌ಸ್ಟಾಲ್ ಟು ಡಿಸ್ಕ್’ ಬದಲು ಪೆನ್‌ಡ್ರೈವ್‌ನ ಇಎಫ್‌ಐ ಫೋಲ್ಡರನ್ನೇ ಒಳಡಿಸ್ಕ್‌ನ ಇಎಫ್‌ಐಗೆ ಕಾಪಿ ಮಾಡಿದ್ದೆ. ಎರಡೂ ಒಂದೇ ಅಲ್ಲವೇ ಅಂದುಕೊಂಡೆ.

ತಿರುಪುಮೊಳೆ:

ಮೊದಲ ಬೂಟ್‌ಗೆ ಒಂದೇ, ರೂಟ್ ಪ್ಯಾಚ್‌ಗೆ ಅಲ್ಲ. ಇಎಫ್‌ಐಯಲ್ಲಿ ಕೂತಿರುವುದು ಪೆನ್‌ಡ್ರೈವ್ ಮಾಡಿದ ದಿನದ ಹಳೆ ಬಿಲ್ಡ್. ಸಿಸ್ಟಂಗೆ ಬಡಿದಿರುವುದು ಹೊಸ ಆ್ಯಪ್‌ನ ಪ್ಯಾಚ್. ಎಚ್‌ಡಿ 4000ರ ಡ್ರೈವರ್‌ಗಳನ್ನು ಆಪಲ್ ಮಾಂಟೆರೆಯಲ್ಲೇ (ಮ್ಯಾಕ್‌ಓಎಸ್ 12) ಕಿತ್ತುಹಾಕಿತು. ಪ್ಯಾಚರ್ ಅವನ್ನು ಸಿಸ್ಟಂ ವಾಲ್ಯೂಮ್‌ಗೆ ವಾಪಸ್ ಸೇರಿಸುತ್ತದೆ. ಸೇರಿಸಿದ ಕೂಡಲೇ ಆ ವಾಲ್ಯೂಮ್‌ನ ಮುದ್ರೆ, ಅಂದರೆ ಏನೂ ಬದಲಾಗಿಲ್ಲ ಎಂಬ ಆಪಲ್‌ನ ಖಾತ್ರಿ, ಒಡೆಯುತ್ತದೆ. ಒಡೆದ ಮುದ್ರೆಯೊಂದಿಗೂ ಬೂಟ್ ಆಗಲು ಬೇಕಾದ ಎಸ್‌ಐಪಿ (ಸಿಸ್ಟಂ ಫೈಲ್‌ಗಳನ್ನು ಕಾಯುವ ರಕ್ಷಣೆ) ಸಡಿಲಿಕೆ, ಜೊತೆಗಿನ ಕೆಕ್ಸ್ಟ್‌ಗಳು, ಎಲ್ಲವೂ ಇಎಫ್‌ಐಯಿಂದಲೇ ಬರಬೇಕು. ಎರಡು ಕಡೆಯ ಆವೃತ್ತಿ ಹೊಂದದಿದ್ದರೆ ಹೀಗೆ ಅರ್ಧದಲ್ಲಿ ನೇತಾಡುವುದು ಸಾಮಾನ್ಯ.

ದತ್ತಾಂಶ ಎಲ್ಲೂ ಹೋಗಿಲ್ಲ, ನಿಮ್ಮ ಫೈಲ್‌ಗಳಿರುವುದು ಬೇರೆ ಡೇಟಾ ವಾಲ್ಯೂಮ್‌ನಲ್ಲಿ. ಪವರ್ ಒತ್ತಿ ಹಿಡಿದು ಆಫ್ ಮಾಡಿ. ಓಪನ್‌ಕೋರ್ ಪಟ್ಟಿಯಲ್ಲಿ ಸೊನೋಮಾ ಡಿಸ್ಕ್ ಮೇಲೆ ನಿಂತು ಶಿಫ್ಟ್ ಹಿಡಿದು ಎಂಟರ್ ಒತ್ತಿ, ಸೇಫ್ ಮೋಡ್‌ಗೆ ಹೋಗುತ್ತದೆ. ಗ್ರಾಫಿಕ್ಸ್ ವೇಗವರ್ಧನೆ ಅಲ್ಲಿ ಓಡುವುದಿಲ್ಲವಾದ್ದರಿಂದ ಬಹುತೇಕ ಡೆಸ್ಕ್‌ಟಾಪ್ ಸಿಗುತ್ತದೆ, ನಿಧಾನ ಅಷ್ಟೇ. ಪ್ಯಾಚರ್ ತೆರೆದು ‘ರಿವರ್ಟ್ ರೂಟ್ ಪ್ಯಾಚಸ್’ ಒತ್ತಿ, ರೀಸ್ಟಾರ್ಟ್ ಮಾಡಿ. ಆಮೇಲೆ ಇದೇ ಕ್ರಮ: ಮೊದಲು ಓಪನ್‌ಕೋರ್ ಬಿಲ್ಡ್ ಮಾಡಿ ಒಳಡಿಸ್ಕ್‌ಗೆ ಇನ್‌ಸ್ಟಾಲ್, ರೀಸ್ಟಾರ್ಟ್, ಆಮೇಲೆ ರೂಟ್ ಪ್ಯಾಚ್, ಮತ್ತೆ ರೀಸ್ಟಾರ್ಟ್. ನಡುವಿನ ರೀಸ್ಟಾರ್ಟ್ ಬಿಟ್ಟರೆ ಹಳೆ ಓಪನ್‌ಕೋರ್ ಮೇಲೇ ಓಡುತ್ತಿರುತ್ತೀರಿ.

ಸೇಫ್ ಮೋಡ್ ಕೂಡ ಬರದಿದ್ದರೆ ರಿಕವರಿಯಿಂದ ತೆಗೆಯಬಹುದು. ಓಪನ್‌ಕೋರ್ ಪಟ್ಟಿಯಲ್ಲಿ ಸ್ಪೇಸ್ ಬಾರ್ ಒತ್ತಿದರೆ ಅಡಗಿರುವ ‘ರಿಕವರಿ’ ಕಾಣುತ್ತದೆ. ಅಲ್ಲಿ ಟರ್ಮಿನಲ್ ತೆರೆದು ಮೊದಲು ‘ಮೌಂಟ್’ ಕಮಾಂಡ್‌ನಿಂದ, ಒಂದು ಅಡ್ಡಗೆರೆ (ಹೈಫನ್) ಹಾಕಿ ‘ಯುಡಬ್ಲ್ಯು’ ಎಂದು ಕೊಟ್ಟು, ಸಿಸ್ಟಂ ವಾಲ್ಯೂಮ್ ಅನ್ನು ಬರೆಯಲು ತೆರೆಯಿರಿ. ಆಮೇಲೆ ‘ಬ್ಲೆಸ್’ ಕಮಾಂಡ್‌ಗೆ ಮೂರು ಆಯ್ಕೆ ಈ ಕ್ರಮದಲ್ಲಿ: ‘ಮೌಂಟ್’ ಮತ್ತು ಅದರ ಮುಂದೆ ಅದೇ ವಾಲ್ಯೂಮ್‌ನ ದಾರಿ, ‘ಬೂಟ್‌ಇಎಫ್‌ಐ’, ‘ಲಾಸ್ಟ್-ಸೀಲ್ಡ್-ಸ್ನ್ಯಾಪ್‌ಶಾಟ್’. ಪ್ರತಿ ಆಯ್ಕೆಯ ಹಿಂದೆ ಎರಡು ಅಡ್ಡಗೆರೆ, ನಡುವೆ ಜಾಗವಿಲ್ಲ. ಡಿಸ್ಕ್ ಹೆಸರಿನಲ್ಲಿ ಸ್ಪೇಸ್ ಇದ್ದರೆ ಇಡೀ ದಾರಿಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಇಲ್ಲದಿದ್ದರೆ ಹಾಗೊಂದು ವಾಲ್ಯೂಮೇ ಇಲ್ಲ ಎನ್ನುತ್ತದೆ. ಇದು ಮುದ್ರೆ ಒಡೆಯುವ ಮುಂಚಿನ ಸ್ನ್ಯಾಪ್‌ಶಾಟ್‌ಗೆ (ಸಿಸ್ಟಂನ ಆಗಿನ ಸ್ಥಿತಿಯ ಪ್ರತಿ) ವಾಪಸ್ ಕರೆದೊಯ್ಯುತ್ತದೆ.

ಬೂಟುಗಾರ:

ಆಗಲೂ ನಿಂತರೆ ಊಹಿಸಬೇಡಿ, ಓದಿ. ಸೆಟ್ಟಿಂಗ್ಸ್‌ನಲ್ಲಿ ‘ವರ್ಬೋಸ್’ ಟಿಕ್ ಮಾಡಿ ಓಪನ್‌ಕೋರ್ ಮತ್ತೆ ಬಿಲ್ಡ್ ಮಾಡಿ, ಆಪಲ್ ಚಿಹ್ನೆಯ ಜಾಗದಲ್ಲಿ ಸಾಲುಗಳು ಓಡುತ್ತವೆ. ನಿಂತ ಜಾಗದ ಕೊನೆಯ ಏಳೆಂಟು ಸಾಲಿನ ಫೋಟೋ ತೆಗೆಯಿರಿ. ‘ಸ್ಟಿಲ್ ವೇಟಿಂಗ್ ಫಾರ್ ರೂಟ್ ಡಿವೈಸ್’ ಎಂದು ಮತ್ತೆ ಮತ್ತೆ ಬರುತ್ತಿದ್ದರೆ ಪ್ಯಾಚ್ ಬಿಡಿ, ಕರ್ನಲ್‌ಗೆ ಡಿಸ್ಕೇ ಕಾಣುತ್ತಿಲ್ಲ. ಈ 13 ಇಂಚಿನ 2012ರ ಮಾಡೆಲ್‌ನಲ್ಲಿ ಎಸ್‌ಎಸ್‌ಡಿಯಿಂದ ಬೋರ್ಡ್‌ಗೆ ಹೋಗುವ ಚಪ್ಪಟೆ ಸಾಟಾ ಕೇಬಲ್ ಹೆಸರಾಂತ ರೋಗಿ. ಅದು ಆಪ್ಟಿಕಲ್ ಡ್ರೈವ್ ಮಗ್ಗುಲಲ್ಲಿ, ಅಲ್ಯೂಮಿನಿಯಂ ಚಾಸಿಗೆ ಒತ್ತಿಕೊಂಡು ಹಾದು ಹೋಗುತ್ತದೆ. ಮಡಿಕೆಯಲ್ಲಿ ಸವೆದರೆ ಡಿಸ್ಕ್ ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸ್‌ಗೆ ಹಾಕಿ ಹೊರಗಿನಿಂದ ಬೂಟ್ ಮಾಡಿ ನೋಡಿ. ಹೊರಗೆ ಸರಿ, ಒಳಗೆ ತಕರಾರು ಎಂದರೆ ಕೇಬಲ್ ಬದಲಿಸಿ.

ಕಪ್ಪುಪರದೆ:

ಸೇಫ್ ಮೋಡ್ ಬಂತು. ರಿವರ್ಟ್ ಮಾಡಿ, ಹೇಳಿದ ಕ್ರಮದಲ್ಲೇ ಓಪನ್‌ಕೋರ್ ಹಾಕಿ, ರೀಸ್ಟಾರ್ಟ್ ಮಾಡಿ ಪ್ಯಾಚ್ ಮಾಡಿದೆ. ವೈಫೈ ಇದೆ, ಪರದೆ ನುಣುಪಾಗಿದೆ. ಈಗ ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಸಣ್ಣ ಅಪ್‌ಡೇಟ್ ಎಂದು ತೋರಿಸುತ್ತಿದೆ, ಗಾತ್ರ ನೋಡಿದರೆ 10 ಜಿಬಿ ಮೀರಿದೆ. ಸರಿಯೇ?

ಹಳೇಯಂತ್ರ:

ಸರಿ. ಮುದ್ರೆ ಒಡೆದ ಸಿಸ್ಟಂಗೆ ಬದಲಾದ ಭಾಗವಷ್ಟೇ ಬರುವುದಿಲ್ಲ, ಇಡೀ ಓಎಸ್ ಇಳಿಯುತ್ತದೆ. ಆಟೋಮ್ಯಾಟಿಕ್ ಅಪ್‌ಡೇಟ್‌ಗಳನ್ನು ಎಲ್ಲಾ ಆಫ್ ಮಾಡಿಬಿಡಿ, ನೀವು ಮಲಗಿದ್ದಾಗ ಅದು ಅರ್ಧ ಸಿದ್ಧವಾಗಿ ಕೂರುವುದು ಬೇಡ. ಮಾಡುವಾಗ ಮೊದಲು ಪ್ಯಾಚರ್ ಹೊಸದು, ಅದರಿಂದ ಓಪನ್‌ಕೋರ್ ಹೊಸದು, ಆಮೇಲೆ ಅಪ್‌ಡೇಟ್. ಅಪ್‌ಡೇಟ್ ಮುಗಿದಾಗ ರೂಟ್ ಪ್ಯಾಚ್ ಅಳಿಸಿ ಹೋಗಿರುತ್ತದೆ, ವೈಫೈ ಮತ್ತೆ ಮಾಯ. ಗಾಬರಿಯಾಗದೆ ಎತರ್ನೆಟ್ ವೈರ್ ಹಾಕಿ ಪ್ಯಾಚ್ ಮತ್ತೆ ಓಡಿಸಿ. ನಡುವೆ ಯಂತ್ರ ನಾಲ್ಕೈದು ಸಲ ತಾನೇ ರೀಸ್ಟಾರ್ಟ್ ಆಗುತ್ತದೆ. ಓಪನ್‌ಕೋರ್ ಪಟ್ಟಿಯಲ್ಲಿ ‘ಮ್ಯಾಕ್‌ಓಎಸ್ ಇನ್‌ಸ್ಟಾಲರ್’ ಎಂಬ ಬೂದು ಡಿಸ್ಕ್ ಇರುವವರೆಗೂ ಅದನ್ನೇ ಆರಿಸಿ. ‘ಒಂದು ನಿಮಿಷಕ್ಕಿಂತ ಕಡಿಮೆ ಉಳಿದಿದೆ’ ಎಂದು ಬಹಳ ಹೊತ್ತು ನಿಂತರೂ ಪವರ್ ಬಟನ್ ಮುಟ್ಟಬೇಡಿ.