ಜಾಹೀರಾತು ನೋಡಿ ನೋಡಿ ನಮ್ಮ ಬಾಲ್ಯದ ನೆನಪೇ ಬದಲಾಗುತ್ತಾ?

ಗಾಂಧಿಬಜಾರ್ ಹುಡುಗಿ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ವಾದ ಎದ್ದಿದೆ, ತಿಳಿದವರು ಹೇಳಿ.

ಬೇಸಿಗೆ ರಜೆಯಲ್ಲಿ ಅಜ್ಜಿ ಮಾವಿನಕಾಯಿ ಪನ್ನಾ ಮಾಡಿ ಹಿತ್ತಾಳೆ ಲೋಟದಲ್ಲಿ ಕೊಡುತ್ತಿದ್ದರು ಅಂತ ನನ್ನ ತಮ್ಮ ಹೇಳುತ್ತಾನೆ. ಅಂಗಳ, ತುಳಸಿಕಟ್ಟೆ, ಅಜ್ಜಿಯ ಕೈಬಳೆ ಸದ್ದು, ಎಲ್ಲಾ ಬಿಡಿಸಿ ಬಿಡಿಸಿ ಹೇಳುತ್ತಾನೆ. ಅಮ್ಮನಿಗೆ ಆಶ್ಚರ್ಯ. ನಮ್ಮ ಮನೆಯಲ್ಲಿ ಪನ್ನಾ ಅನ್ನೋ ಹೆಸರೇ ಯಾರಿಗೂ ಗೊತ್ತಿರಲಿಲ್ಲ. ರಾಮನವಮಿಗೆ ಬೇಲದ ಹಣ್ಣಿನ ಪಾನಕ, ನೀರುಮಜ್ಜಿಗೆ, ಕೋಸಂಬರಿ, ಅಷ್ಟೇ. ಲೋಟಗಳೆಲ್ಲ ಸ್ಟೀಲು. ಬೆಳೆದದ್ದು ಬೆಂಗಳೂರಿನ ಶ್ರೀನಗರದ ಮೊದಲ ಮಹಡಿ ಬಾಡಿಗೆ ಮನೆಯಲ್ಲಿ, ಅಂಗಳ ಎಲ್ಲಿಂದ ಬಂತು? ಅವನು ಹೇಳುವುದು ಒಂದು ಪಾನೀಯದ ಜಾಹೀರಾತಿನಲ್ಲಿ ಬರುವ ದೃಶ್ಯ. ಹಾಗಂತ ತೋರಿಸಿದರೂ ಒಪ್ಪುತ್ತಿಲ್ಲ.

ಜಾಹೀರಾತು ಹಳೆಯದನ್ನು ನೆನಪಿಸುತ್ತೆ ಅಷ್ಟೇನಾ, ಅಥವಾ ಇಲ್ಲದ್ದನ್ನು ತಲೆಯೊಳಗೆ ಸೇರಿಸಿಬಿಡುತ್ತಾ? ನನಗೆ ಇದು ಸಣ್ಣ ವಿಷಯ ಅನ್ನಿಸುತ್ತಿಲ್ಲ. ಅಜ್ಜಿ ಈಗಿಲ್ಲ, ಉಳಿದಿರೋದು ನೆನಪು ಮಾತ್ರ.

ಮನಃಶಾಸ್ತ್ರದ ಮೇಷ್ಟ್ರು:

ಸೇರಿಸುತ್ತೆ ಮೇಡಂ. ನಿಮ್ಮ ತಮ್ಮ ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜವಾಗಿಯೂ ಹಾಗೇ ನೆನಪಿದೆ. ಪ್ರತಿ ಸಲ ನೆನೆಸಿಕೊಂಡಾಗಲೂ ಮೆದುಳು ಆ ಘಟನೆಯನ್ನು ಹೊಸದಾಗಿ ಕಟ್ಟುತ್ತೆ, ಕಟ್ಟುವಾಗ ಆಮೇಲೆ ನೋಡಿದ್ದು ಕೇಳಿದ್ದೂ ಸದ್ದಿಲ್ಲದೆ ಒಳಗೆ ಬಂದುಬಿಡುತ್ತೆ.

ಇದರ ಮೇಲೆ ಒಳ್ಳೆಯ ಪ್ರಯೋಗಗಳಿವೆ. 2002ರಲ್ಲಿ ಸಂಶೋಧಕರಾದ ಕ್ಯಾಥರಿನ್ ಬ್ರೌನ್, ಎಲಿಜಬೆತ್ ಲಾಫ್ಟಸ್ ಮತ್ತವರ ಜೊತೆಗಾರರು ಅಮೆರಿಕದಲ್ಲಿ ಕೆಲವರಿಗೆ ಡಿಸ್ನಿಲ್ಯಾಂಡಿನ ಒಂದು ನಕಲಿ ಜಾಹೀರಾತು ತೋರಿಸಿದರು. ಅದರಲ್ಲಿ ಮಕ್ಕಳು ಬಗ್ಸ್ ಬನ್ನಿ ಅನ್ನೋ ಕಾರ್ಟೂನ್ ಮೊಲದ ಕೈ ಕುಲುಕುವ ವಿವರ ಇತ್ತು. ಬಗ್ಸ್ ಬನ್ನಿ ಡಿಸ್ನಿಯ ಪ್ರತಿಸ್ಪರ್ಧಿ ವಾರ್ನರ್ ಬ್ರದರ್ಸ್ ಕಂಪನಿಯ ಪಾತ್ರ, ಡಿಸ್ನಿಲ್ಯಾಂಡಿನಲ್ಲಿ ಇರೋಕೆ ಸಾಧ್ಯವೇ ಇಲ್ಲ. ಆದರೂ ನೋಡಿದವರಲ್ಲಿ ಶೇ. 16ರಷ್ಟು ಜನ ತಾವು ಚಿಕ್ಕವರಿದ್ದಾಗ ಅಲ್ಲಿ ಬನ್ನಿಯನ್ನು ಭೇಟಿ ಮಾಡಿದ್ದೇವೆ ಅಂದರು.

ಇನ್ನೊಂದು 2011ರದ್ದು, ಪಾಪ್‌ಕಾರ್ನ್ ಬಗ್ಗೆ. ಮಾರುಕಟ್ಟೆಯಲ್ಲಿ ಇಲ್ಲವೇ ಇಲ್ಲದ ಒಂದು ಪಾಪ್‌ಕಾರ್ನ್. ಚಿತ್ರ ಕಣ್ಣಿಗೆ ಕಟ್ಟುವ ಹಾಗಿದ್ದ ಜಾಹೀರಾತು ನೋಡಿದವರಲ್ಲಿ ಹಲವರು, ಒಂದು ವಾರ ಕಳೆದ ಮೇಲೆ ಅದನ್ನು ತಿಂದಿದ್ದೇವೆ ಅಂತಲೇ ನಂಬಿದ್ದರು. ಹೆಸರಾಂತ ಬ್ರಾಂಡ್ ಬದಲು ಯಾರೂ ಕೇಳದ ಹೆಸರು ಹಾಕಿದಾಗ ಇದು ಕಡಿಮೆಯಾಯಿತು. ಅಂದರೆ ಪರಿಚಿತ ಹೆಸರು, ಸ್ಪಷ್ಟ ಚಿತ್ರ, ಸ್ವಲ್ಪ ಸಮಯ, ಇವು ಮೂರು ಸೇರಿದರೆ ಸಾಕು. ನಿಮ್ಮ ತಮ್ಮನಿಗೆ ಅಜ್ಜಿ, ಬೇಸಿಗೆ ರಜೆ, ತಂಪು ಪಾನೀಯ ಮೂರೂ ನಿಜವಾಗಿ ಇದ್ದವು. ಹೊಸದಾಗಿ ಬಂದದ್ದು ಲೋಟ, ಅಂಗಳ ಮತ್ತು ಮಾವಿನಕಾಯಿ ಮಾತ್ರ.

ಕಾಪಿ ಬರೆಯುವವನು:

ಇಂದಿರಾನಗರದ ಒಂದು ಏಜೆನ್ಸಿಯಲ್ಲಿ ಕೆಲಸ ಮಾಡುತ್ತೇನೆ, ಇಂಥ ಜಾಹೀರಾತು ಬರೆದಿದ್ದೇನೆ. ಹೇಗೆ ಮಾಡುತ್ತೇವೆ ಅಂತ ಹೇಳಲೇಬೇಕು ಅನ್ನಿಸಿತು.

ಅಜ್ಜಿಯ ಮುಖ ಹತ್ತಿರದಿಂದ ತೋರಿಸೋದೇ ಇಲ್ಲ. ಮುಖ ಸ್ಪಷ್ಟವಾಗಿ ಕಂಡರೆ ಅದು ಯಾರದೋ ಅಜ್ಜಿ. ಸುಕ್ಕುಗಟ್ಟಿದ ಕೈ, ಬಳೆ, ಸೆರಗಿನ ಅಂಚು ಅಷ್ಟೇ ತೋರಿಸಿ, ಮುಖವನ್ನು ಬೆಳಕಿಗೆ ಎದುರಾಗಿ ಇಟ್ಟು ಮಬ್ಬು ಮಾಡಿದರೆ ನೋಡುವವರು ಆ ಜಾಗದಲ್ಲಿ ತಮ್ಮ ಅಜ್ಜಿಯನ್ನೇ ಕೂರಿಸಿಕೊಳ್ಳುತ್ತಾರೆ. ಊರಿನ ಹೆಸರಿಲ್ಲ, ಇಸವಿ ಇಲ್ಲ. ಒಂದೇ ಒಂದು ವಸ್ತು ಮಾತ್ರ ಚೆನ್ನಾಗಿ ಕಾಣಬೇಕು, ಲೋಟವೋ ಬಾಟ್ಲಿಯೋ, ಅದರ ಮೇಲೆ ನೀರಿನ ಹನಿ. ಕೊನೆಗೆ ‘ನಿಮಗೂ ನೆನಪಿದೆಯಾ’ ಅಂತ ಒಂದು ಪ್ರಶ್ನೆ. ಆ ಪ್ರಶ್ನೆಯೇ ಮುಖ್ಯ ಕೆಲಸ ಮಾಡೋದು, ಯಾಕಂದ್ರೆ ನೋಡುವವರು ಆಗಲೇ ಹುಡುಕೋಕೆ ಶುರು ಮಾಡುತ್ತಾರೆ.

ಇನ್ನು ಉತ್ತರ ಭಾರತದ ಪನ್ನಾ ಯಾಕೆ ಅಂದರೆ, ದೊಡ್ಡ ಬ್ರಾಂಡುಗಳ ಬಹುಪಾಲು ಜಾಹೀರಾತು ಇಡೀ ದೇಶಕ್ಕೆ ಅಂತ ಹಿಂದಿಯಲ್ಲಿ ಬರೆದದ್ದು. ನಮಗೆ ಬರುವುದು ಅದರ ಡಬ್ಬಿಂಗ್. ಅಲ್ಲಿಯ ಬೇಸಿಗೆ, ಅಲ್ಲಿಯ ಅಂಗಳ, ಮಾತು ಮಾತ್ರ ಕನ್ನಡ. ಶ್ರೀನಗರದ ಹುಡುಗನ ಬಾಲ್ಯಕ್ಕೆ ಉತ್ತರದ ಅಂಗಳ ಬಂದದ್ದು ಹಾಗೆ. ಇದು ನನಗೆ ನಿಜಕ್ಕೂ ಬೇಸರ ತರುತ್ತೆ.

ಕಂಡೇ ಇರದವರಿಗೂ ಹಳೆಯದು ಮಾರಾಟವಾಗುತ್ತೆ. 1977ರಲ್ಲಿ ಕೋಕಾ ಕೋಲಾ ದೇಶ ಬಿಟ್ಟು ಹೋದಾಗ ಬೆಳೆದ ಕ್ಯಾಂಪಾ ಕೋಲಾ, ಕೋಕಾ ಕೋಲಾ 1993ರಲ್ಲಿ ವಾಪಸ್ ಬಂದ ಮೇಲೆ ಮೂಲೆ ಸೇರಿತ್ತು. ಅದನ್ನು ರಿಲಯನ್ಸ್ 2022ರಲ್ಲಿ ಕೊಂಡು 2023ರಲ್ಲಿ ಮತ್ತೆ ಅಂಗಡಿಗೆ ತಂದಿತು. ಈಗ ಕುಡಿಯುವ ಕಾಲೇಜು ಮಕ್ಕಳು ಹಳೇ ಬಾಟ್ಲಿ ಮುಟ್ಟೇ ಇಲ್ಲ.

ಜಾಲಹಳ್ಳಿಯವನು:

ಎಲ್ಲಾ ನೆನಪನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಿಜವಾಗಿ ಇದ್ದದ್ದೂ ಇದೆ. ಮೈಸೂರು ಸ್ಯಾಂಡಲ್ ಸೋಪಿನ ಮೊಟ್ಟೆ ಆಕಾರ, ಪೆಟ್ಟಿಗೆ ಮೇಲಿನ ಆನೆ ತಲೆ ಸಿಂಹದ ಮೈಯ ಶರಭ, ಬೀರು ತೆಗೆದರೆ ಬರುತ್ತಿದ್ದ ಆ ವಾಸನೆ, ಇದನ್ನು ಯಾರೂ ನಮ್ಮ ತಲೆಗೆ ತುಂಬಿದ್ದಲ್ಲ.

ನಮ್ಮಪ್ಪ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಶುರುವಾದದ್ದು. ಈಗ ಜನತಾ ವಾಚ್ ತೋರಿಸಿ ‘ಆ ನೆಮ್ಮದಿಯ ದಿನಗಳು’ ಅಂತ ವೀಡಿಯೊ ಹಾಕುತ್ತಾರೆ. ವಾಚ್ ಒಳ್ಳೆಯದೇ, ನನ್ನ ಕೈಯಲ್ಲಿ ಈಗಲೂ ಇದೆ, ದಿನಾ ಬೆಳಿಗ್ಗೆ ಕೀ ಕೊಡುತ್ತೇನೆ. ಆದರೆ ನೆಮ್ಮದಿ? ಕೊನೆಕೊನೆಗೆ ಸಂಬಳ ತಡವಾಗುತ್ತಿತ್ತು, ಜೊತೆಯವರು ಒಬ್ಬೊಬ್ಬರಾಗಿ ಸ್ವಯಂ ನಿವೃತ್ತಿ ತೆಗೆದುಕೊಂಡು ಹೋಗುತ್ತಿದ್ದರು, ಅಮ್ಮ ಚೀಟಿ ಎತ್ತಿ ಶಾಲೆ ಫೀಸು ಕಟ್ಟುತ್ತಿದ್ದರು. 2016ರಲ್ಲಿ ವಾಚ್ ಕಂಪನಿ ಮುಚ್ಚಿತು. ನನ್ನ ಮಗಳು ಆ ವೀಡಿಯೊ ನೋಡಿ ‘ತಾತ ಎಷ್ಟು ಖುಷಿಯಾಗಿದ್ದರಲ್ವಾ’ ಅಂದಳು. ಇಲ್ಲದ್ದನ್ನು ಸೇರಿಸುವುದಕ್ಕಿಂತ ಇದ್ದ ಕಷ್ಟವನ್ನು ಅಳಿಸುವುದು ನನಗೆ ಜಾಸ್ತಿ ನೋವು ಕೊಡುತ್ತೆ. ಅವರ ದುಡಿಮೆಗೆ ಅವಮಾನ ಅದು.

ಶಿರಸಿ ಕಡೆಯವಳು, ಈಗ ವಿಜಯನಗರ:

ಮಾವಿನಕಾಯಿ ಕುಡಿಯೋದು ಉತ್ತರದವರದ್ದು ಮಾತ್ರ ಅಂತ ಅನ್ನಬೇಡಿ! ನಮ್ಮಲ್ಲಿ ಅಪ್ಪೆಹುಳಿ ಇದೆ. ಹುಳಿ ಮಾವಿನಕಾಯಿ ಬೇಯಿಸಿ, ಕಿವುಚಿ, ನೀರು ಮಾಡಿ, ಹಸಿಮೆಣಸು ಹಾಕಿ ಇಂಗು ಸಾಸಿವೆ ಒಗ್ಗರಣೆ. ಊಟ ಆದಮೇಲೆ ಲೋಟಕ್ಕೆ ಹಾಕಿಕೊಂಡು ಕುಡಿದರೆ ನಿದ್ದೆ ಬರೋದು ಗ್ಯಾರಂಟಿ. ಅದಕ್ಕೆ ಮಾತ್ರ ಯಾವ ಜಾಹೀರಾತೂ ಇಲ್ಲ. ನನ್ನ ಮಕ್ಕಳಿಗೆ ಪನ್ನಾ ಗೊತ್ತು, ಅಪ್ಪೆಹುಳಿ ಗೊತ್ತಿಲ್ಲ.

ಮತ್ತೆ ಜಯನಗರದ ಕಡೆ ‘ಹಳೇ ಬೆಂಗಳೂರು’ ಅಂತ ಅಲಂಕಾರ ಮಾಡಿದ ಒಂದು ಹೋಟೆಲಿಗೆ ಹೋಗಿದ್ದೆವು. ಕಾಫಿ ಹಿತ್ತಾಳೆ ದವರಾದಲ್ಲಿ, ಅಂದರೆ ತಮಿಳುನಾಡಿನ ಕಡೆಯ ಲೋಟ-ಬಟ್ಟಲಿನಲ್ಲಿ ಬಂತು. ಇಲ್ಲಿಯ ದರ್ಶಿನಿಯಲ್ಲಿ ಗಾಜಿನ ಲೋಟ, ಬೈಟು ಕಾಫಿ ಅಲ್ವಾ? ಬೆಲೆ ನೋಡಿಯೂ ಯಾರೂ ತಕರಾರು ಮಾಡಲಿಲ್ಲ.

ಮನಃಶಾಸ್ತ್ರದ ಮೇಷ್ಟ್ರು:

ಅದಕ್ಕೂ ಅಧ್ಯಯನ ಇದೆ. ಹಳೆಯದನ್ನು ನೆನೆದು ಮನಸ್ಸು ತುಂಬಿದಾಗ ಜನ ದುಡ್ಡನ್ನು ಸುಲಭವಾಗಿ ಬಿಡುತ್ತಾರೆ ಅಂತ 2014ರಲ್ಲಿ ಪ್ರಕಟವಾಯಿತು.

ಗಾಂಧಿಬಜಾರ್ ಹುಡುಗಿ, ಮನೆಯ ನೆನಪು ಉಳಿಸಿಕೊಳ್ಳಬೇಕು ಅಂದರೆ ಅಮ್ಮನಿಗೆ ಜಾಹೀರಾತು ಪದೇಪದೇ ತೋರಿಸಬೇಡಿ. ಅಮ್ಮ, ಚಿಕ್ಕಮ್ಮ, ಮಾವ ಎಲ್ಲರನ್ನೂ ಬೇರೆ ಬೇರೆಯಾಗಿ ಕೇಳಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಮೊದಲೇ ಹೇಳದೆ. ಆಗಲೇ ಬರೆದಿಡಿ.

ಗಾಂಧಿಬಜಾರ್ ಹುಡುಗಿ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಜಾಲಹಳ್ಳಿಯ ಸಾರ್, ನೀವು ಬರೆದದ್ದನ್ನು ತಮ್ಮನಿಗೆ ಓದಿ ಹೇಳಿದೆ, ಸ್ವಲ್ಪ ಹೊತ್ತು ಸುಮ್ನಿದ್ದ. ಚಿಕ್ಕಮ್ಮನಿಗೆ ನಾಳೆ ಫೋನ್ ಮಾಡುತ್ತೇನೆ.

ಕಾಪಿ ಬರೆಯುವವರೇ, ಕನ್ನಡಕ್ಕೇ ಅಂತ ಮೊದಲಿಂದ ಬರೆಯುವ ಜಾಹೀರಾತು ನಿಮ್ಮಲ್ಲಿ ಬರುತ್ತಾ?

ಕಾಪಿ ಬರೆಯುವವನು:

ಕಡಿಮೆ. ಯುಗಾದಿ, ದಸರಾ ಹತ್ತಿರ ಬಂದಾಗ, ಅದೂ ಇಲ್ಲಿಯ ಕಂಪನಿಗಳಾದರೆ. ಮುಂದಿನ ಬೇಸಿಗೆಗೆ ಒಂದು ಬರೆಯಬೇಕಿದೆ. ನಾನು ಬೇಲದ ಹಣ್ಣು ಅಂತಲೇ ಬರೆದು ಕೊಡುತ್ತೇನೆ.